ಆಟದ ಗಾದಿಗೆ ಲೆಕ್ಕ ಕೇಳುವವರಾರು?

ಅರಮನೆಯಲ್ಲಿ ಹುಟ್ಟಿದವರೂ ಜನರ ಮುಂದೆ ಕೈಮುಗಿದು ಮತ ಕೇಳಬೇಕು. ಪ್ರಜಾಸತ್ತೆಯ ಹಿರಿಮೆಯೇ ಇದು. ಮೈಸೂರಿನ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರನ್ನು ಜನ 1984, 1989, 1996 ಮತ್ತು 1999ರಲ್ಲಿ ಲೋಕಸಭೆಗೆ ಕಳುಹಿಸಿದರು. 1991ರಲ್ಲೂ 2004ರಲ್ಲೂ ಸೋಲಿಸಿದರು. ಕೊಟ್ಟ ಕೈಯೇ ಕಿತ್ತುಕೊಂಡಿತು.

ಇದೇ ಒಡೆಯರ್ 2007ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು. 2010ರಲ್ಲಿ ಆ ಸ್ಥಾನಕ್ಕೆ ಅನಿಲ್ ಕುಂಬ್ಳೆ ಬಂದರು. 2013ರ ಡಿಸೆಂಬರಿನಲ್ಲಿ ಒಡೆಯರ್ ಮತ್ತೆ ಗೆದ್ದರು. ಅದೇ ತಿಂಗಳ 10ರಂದು ತೀರಿಕೊಂಡರು. ಅವರ ಕ್ರೀಡಾಭಿಮಾನವನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಪ್ರಶ್ನೆ ವ್ಯಕ್ತಿಯ ಬಗ್ಗೆ ಅಲ್ಲ, ಮತದ ಬಗ್ಗೆ.

ಲೋಕಸಭೆಯ ಚುನಾವಣೆಯಲ್ಲಿ ಗಿರಣಿ ಕೂಲಿಗೂ ಒಂದು ವೋಟು, ಅರಸನಿಗೂ ಒಂದು ವೋಟು. ಕ್ರಿಕೆಟ್ ಸಂಸ್ಥೆಯಲ್ಲಿ ವೋಟು ಇರುವುದು ಸದಸ್ಯರಿಗೆ ಮಾತ್ರ. ಶಿರಾದ ಬಯಲಿನಲ್ಲೋ ಪಾವಗಡದ ಬಿಸಿಲಿನಲ್ಲೋ ಚೆಂಡು ಹೊಡೆಯುವ ಬಡವರ ಹುಡುಗನಿಗೆ ಇಲ್ಲ. ಆದರೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಎದ್ದಿರುವುದು ಸರ್ಕಾರ ಗುತ್ತಿಗೆಗೆ ಕೊಟ್ಟ ನೆಲದ ಮೇಲೆ. ಸರ್ಕಾರದ ನೆಲವೆಂದರೆ ಜನರ ನೆಲ.

ಅಧ್ಯಕ್ಷರು ಒಳ್ಳೆಯವರಾದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಆಫ್ರಿಕದ ಕಾಂಗೋ ದೇಶದ ಜೀನ್ ಕ್ಲಾಡ್ ಗಂಗಾ ಅವರನ್ನು ನೋಡಿ. ಮಂತ್ರಿಯಾಗಿದ್ದವರು, ಕ್ರೀಡಾಡಳಿತಗಾರರು. ದಕ್ಷಿಣ ಆಫ್ರಿಕದ ವರ್ಣದ್ವೇಷವನ್ನು ಕ್ರೀಡಾರಂಗದಲ್ಲಿ ಎದುರಿಸಿದ ಧೀರರು. 1976ರಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರಗಳು ಮಾಂಟ್ರಿಯಲ್ ಒಲಿಂಪಿಕ್ಸನ್ನು ಬಹಿಷ್ಕರಿಸಿದಾಗ ಮುಂದೆ ನಿಂತವರು. ಅದೇ ಗಂಗಾ ಅವರನ್ನು 1999ರಲ್ಲಿ ಸಾಲ್ಟ್ ಲೇಕ್ ಸಿಟಿಯ ಲಂಚದ ಹಗರಣದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹೊರಹಾಕಿತು. ದೊಡ್ಡ ಹೋರಾಟ ಮಾಡಿದವರಿಗೂ ಲೆಕ್ಕ ಕೇಳುವವರು ಬೇಕು.

2016ರಲ್ಲಿ ಸುಪ್ರೀಂ ಕೋರ್ಟು ಲೋಧಾ ಸಮಿತಿಯ ಶಿಫಾರಸನ್ನು ಒಪ್ಪಿ, ಮಂತ್ರಿಗಳು ಕ್ರಿಕೆಟ್ ಆಡಳಿತದ ಹುದ್ದೆಯಲ್ಲಿ ಕೂರಬಾರದೆಂದಿತು. ಒಳ್ಳೆಯದೇ. ಆದರೆ ಮಂತ್ರಿಯನ್ನು ಹೊರಗಿಟ್ಟ ಮಾತ್ರಕ್ಕೆ ಆಟಗಾರ ಒಳಗೆ ಬಂದಂತಾಗಲಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಆಟಗಾರ ಬಂಧುಗಳು ಒಗ್ಗಟ್ಟಾಗಿ ಮೂರು ಮಾತು ಕೇಳಲಿ: ತಾಲ್ಲೂಕಿಗೊಂದು ಒಳ್ಳೆಯ ಮೈದಾನ, ತಾಲ್ಲೂಕಿನ ತಂಡಗಳಿಗೆ ವೋಟು, ವರ್ಷಕ್ಕೊಮ್ಮೆ ಕನ್ನಡದಲ್ಲಿ ಲೆಕ್ಕಪತ್ರ. ಗಾದಿಯ ಮೇಲೆ ಅರಸರೇ ಕೂರಲಿ, ಆಟಗಾರರೇ ಕೂರಲಿ; ಕೂರಿಸುವ ಹಕ್ಕೂ ಇಳಿಸುವ ಹಕ್ಕೂ ಆಡುವವರ ಕೈಯಲ್ಲಿರಬೇಕು.