ಊಹಿಸುವುದು ಬಿಡಿಸುವುದಲ್ಲ

ಡೊಂಬಿವಲಿ ಸ್ಟೇಷನ್ನಿನಿಂದ ಹೊರಬಿದ್ದರೆ ಕಣ್ಣು ಹಾಯಿಸಿದಲ್ಲೆಲ್ಲ ಕೋಚಿಂಗ್ ಕ್ಲಾಸುಗಳ ಬೋರ್ಡು. ಠಾಣೆ, ಕಲ್ಯಾಣ, ವಾಶಿಯಲ್ಲೂ ಇದೇ ಕತೆ. ಅಲ್ಲಿ ದುಬಾರಿ ಫೀ ಕಟ್ಟಿ ಜೆಇಇಗೆ ಓದುವ ನಮ್ಮ ಮಕ್ಕಳ ಮುಂದೆ ಒಂದು ಘನ ಸಮೀಕರಣ ಇಡಿ. ಮೊದಲು 1 ಹಾಕಿ ನೋಡುತ್ತಾರೆ, ಆಮೇಲೆ –1, ಆಮೇಲೆ 2. ಯಾವುದಾದರೂ ತಾಳೆಯಾದರೆ ಭಾಗಿಸಿ, ಉಳಿದ ವರ್ಗಸಮೀಕರಣವನ್ನು ಮುಗಿಸುತ್ತಾರೆ. ಆಗದಿದ್ದರೆ ಪೆನ್ನು ಕೆಳಗೆ. ಗೊಂಚಲಿನ ಕೀಲಿಗಳನ್ನೆಲ್ಲ ಒಂದೊಂದಾಗಿ ಬೀಗಕ್ಕೆ ತೂರಿಸುವ ಈ ಕೆಲಸಕ್ಕೆ ಕ್ಲಾಸಿನವರು 'ಬಿಡಿಸುವುದು' ಎಂದು ಹೆಸರಿಟ್ಟಿದ್ದಾರೆ.

ಭಾಸ್ಕರಾಚಾರ್ಯ ವಿಜಾಪುರದವನೋ ಖಾನದೇಶದವನೋ ಎಂದು ಕನ್ನಡಿಗರೂ ಮರಾಠಿಗರೂ ಜಗಳವಾಡುತ್ತೇವೆ. ಅವನ ಮೊಮ್ಮಗ ಚಾಂಗದೇವನ ಕಾಲದ ಶಾಸನ ಸಿಕ್ಕ ಪಾಟಣ, ಕಲ್ಯಾಣದಿಂದ ಭುಸಾವಳಕ್ಕೆ ಹೋಗುವ ರೈಲುದಾರಿಯ ಚಾಳೀಸಗಾಂವ್ ಹತ್ತಿರವೇ ಇದೆ. ಜಗಳ ಆಡಲಿ, ಬೇಡ ಎನ್ನುವುದಿಲ್ಲ. ಆದರೆ 1150ರ ಸುಮಾರಿನ ಅವನ 'ಬೀಜಗಣಿತ'ವನ್ನು ಎರಡೂ ಕಡೆಯವರು ಒಮ್ಮೆ ತೆರೆಯಬಾರದೆ? ಅವ್ಯಕ್ತ ಸಂಖ್ಯೆಗೆ ಅವನು 'ಯಾ' ಎನ್ನುತ್ತಾನೆ, ಎರಡನೆಯದಕ್ಕೆ 'ಕಾ'. ಅಲ್ಲಿಯ ಒಂದು ಲೆಕ್ಕ ಇಂದಿನ ಬರವಣಿಗೆಯಲ್ಲಿ ಹೀಗಿದೆ:

ಯಾ³ + 12ಯಾ = 6ಯಾ² + 35

6ಯಾ² ಅನ್ನು ಎಡಕ್ಕೆ ತಂದು ಎರಡೂ ಕಡೆ 8 ಕಳೆದರೆ ಎಡಗಡೆ (ಯಾ – 2)³, ಬಲಗಡೆ 27. ಹಾಗಾಗಿ ಯಾ – 2 = 3, ಯಾ = 5.

ಹಾಕಿ ನೋಡುವವರಿಗೂ 5 ಸಿಗುತ್ತದೆ, ನಿಜ. 35ನ್ನು 36 ಮಾಡಿ. ಈಗ 36ರ ಭಾಜಕಗಳನ್ನೆಲ್ಲ ಹಾಕಿ ಸೋಲಬೇಕು. ಯಾ – 2ನ್ನು 'ಕಾ' ಎಂದು ಕರೆದವರಿಗೆ ಮಾತ್ರ ಕಾ³ = 28; ಉತ್ತರ, 2 + 28ರ ಘನಮೂಲ. ಒಂದೇ ಸಾಲು.

ಎಲ್ಲ ಘನ ಸಮೀಕರಣಗಳೂ ಇಷ್ಟು ಸಾಧುವಲ್ಲ. ಇಂಥ ಆದೇಶದಿಂದ ವರ್ಗದ ಪದ ಯಾವಾಗಲೂ ಅಳಿಯುತ್ತದೆ, ಆದರೆ ಸಾಮಾನ್ಯವಾಗಿ ಕಾ³ = 6ಕಾ + 9ರಂಥದ್ದು ಉಳಿಯುತ್ತದೆ. ಇದಕ್ಕೆ ದಾರಿಯನ್ನು ಇಟಲಿಯ ಕಾರ್ಡಾನೋ 1545ರಲ್ಲಿ ಅಚ್ಚು ಹಾಕಿಸಿದ. ಕಾ = ನೀ + ಪೀ ಎಂದಿಟ್ಟು ಘನ ಮಾಡಿ. 3·ನೀ·ಪೀ = 6 ಆಗುವಂತೆ ಆರಿಸಿಕೊಂಡರೆ ನೀ³, ಪೀ³ಗಳ ಮೊತ್ತ 9, ಗುಣಲಬ್ಧ 8. ಇದು ಹತ್ತನೇ ತರಗತಿಯ ವರ್ಗಸಮೀಕರಣ! ಘನಗಳು 8 ಮತ್ತು 1, ಕಾ = 2 + 1 = 3.

'ಪರೀಕ್ಷೆಗೆ ಬರುವುದಿಲ್ಲ' ಎನ್ನುತ್ತಾರೆ ಕ್ಲಾಸಿನವರು. ಸಂಕೀರ್ಣ ಸಂಖ್ಯೆ ಬರುತ್ತದಲ್ಲ? ಎನ್‌ಸಿಇಆರ್‌ಟಿಯ 11ನೇ ತರಗತಿಯ ಪುಸ್ತಕ ಅದನ್ನು, ವರ್ಗ –1 ಆಗುವ ಸಂಖ್ಯೆ ಬೇಕು ಎಂದು ಶುರು ಮಾಡುತ್ತದೆ. ಯಾರಿಗೆ ಬೇಕಿತ್ತು? ಉತ್ತರವಿಲ್ಲ ಎಂದು ಬಿಟ್ಟರಾಗಿತ್ತು. ಶತಮಾನಗಟ್ಟಲೆ ಹಾಗೇ ಬಿಟ್ಟಿದ್ದರು. ಬಿಡಲಾಗದಂತೆ ಮಾಡಿದ್ದು ಕಾ³ = 15ಕಾ + 4. ಇದರ ಮೂಲ 4 ಎಂದು ಕಣ್ಣಿಗೇ ಕಾಣುತ್ತದೆ. ಆದರೆ ಕಾರ್ಡಾನೋನ ದಾರಿಯಲ್ಲಿ ಹೋದರೆ ನಡುವೆ –121ರ ವರ್ಗಮೂಲ ಅಡ್ಡ ಬರುತ್ತದೆ. ಬೊಂಬೆಲ್ಲಿ 1572ರಲ್ಲಿ ಎದೆಗುಂದದೆ ಲೆಕ್ಕ ಮುಂದುವರಿಸಿದ: ಎರಡು ಘನಮೂಲಗಳು 2 + √–1 ಮತ್ತು 2 – √–1, ಕೂಡಿದರೆ 4. ಇಷ್ಟು ತೋರಿಸಿದರೆ 'ಈ ಐ ಯಾಕೆ ಸಾರ್' ಎಂಬ ಪ್ರಶ್ನೆಯೇ ಏಳುವುದಿಲ್ಲ.

ಎರಡು ಪೀರಿಯಡ್ ಸಾಕು, ಸಂಕೀರ್ಣ ಸಂಖ್ಯೆಯ ಪಾಠಕ್ಕೆ ಮುಂಚೆ. ಫೀ ಕಟ್ಟುವ ಅಪ್ಪ ಅಮ್ಮಂದಿರೇ, ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ರ‍್ಯಾಂಕ್ ಕೇಳುವ ಮೊದಲು ಭಾಸ್ಕರನ ಆ ಲೆಕ್ಕವನ್ನು ಮೇಷ್ಟ್ರ ಮುಂದಿಡಿ. 35ರ ಜಾಗದಲ್ಲಿ 36 ಬರೆದು.