ರ್‍ಯಾಂಕಿಂಗ್ ನೋಡಬ್ಯಾಡ್ರಿ, ಪಾಠ ಯಾರು ಮಾಡ್ತಾರ ಕೇಳ್ರಿ



ಪಿಯು ರಿಸಲ್ಟ್ ಬಂದಾಗಿಂದ ದಿನಾ ಫೋನು. ನಿನ್ನೆ ಹಳೇ ಹುಬ್ಬಳ್ಳಿಯ ಪೌರಕಾರ್ಮಿಕ ಅಕ್ಕ ಒಬ್ಬರು ಕೇಳಿದರು: 'ತಮ್ಮಾ, ಮಗಳನ್ನ ಬಿಎಸ್ಸಿಗೆ ಹಾಕಬೇಕು. ರ್‍ಯಾಂಕಿಂಗ್‌ನಾಗ ಮುಂದಿರೋ ಕಾಲೇಜು ಯಾವ್ದು?' ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತೀನಿ.

ಎನ್‌ಐಆರ್‌ಎಫ್ ರ್‍ಯಾಂಕಿಂಗ್ 2016ರಿಂದ ಬರ್ತಿದೆ. ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಸಂಶೋಧನೆಗೆ ನೂರಕ್ಕೆ 30 ಅಂಕ. ಹೆಣ್ಣುಮಕ್ಕಳು, ಬಡವರು, ಹಿಂದುಳಿದವರು, ಅಂಗವಿಕಲರು ಎಲ್ಲರನ್ನೂ ಒಳಗೊಳ್ಳೋದಕ್ಕೆ ಸೇರಿ 10. ಎಷ್ಟು ಪ್ರಬಂಧ ಪ್ರಕಟವಾದವು ಅನ್ನೋದಕ್ಕೆ ಲೆಕ್ಕ ಐತಿ. ಕನ್ನಡ ಮಾಧ್ಯಮದ ಹುಡುಗಿ ಮೊದಲ ಸೆಮಿಸ್ಟರ್‌ನಾಗ ಇಂಗ್ಲಿಷ್ ಪಾಠ ತಿಳೀದೆ ಅತ್ತಾಗ ಪಕ್ಕದಾಗ ಕೂತು ಹೇಳಿಕೊಟ್ಟೋರು ಯಾರು? ಅದಕ್ಕೆ ಲೆಕ್ಕ ಇಲ್ಲ.

ನಮ್ಮನೆಯಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ದೊಡ್ಡ ಹೆಸರಿನ ಕಾಲೇಜು ಅಂತಲೇ ಸೇರಿದೆ. ದೊಡ್ಡ ಪ್ರೊಫೆಸರ್ ಕ್ಲಾಸಿಗೆ ಬರೋದೇ ಅಪರೂಪ, ಬಂದರೆ ನೋಟ್ಸ್ ಓದಿ ಹೋಗೋರು. ಎರಡು ವಿಷಯ ಫೇಲಾದೆ. ನನ್ನನ್ನ ಉಳಿಸಿದ್ದು ಸಂಜೆ ಹಾಸ್ಟೆಲಿಗೆ ಬಂದು ಕನ್ನಡದಾಗ ಬಿಡಿಸಿ ಹೇಳಿದ ಒಬ್ಬ ಅತಿಥಿ ಉಪನ್ಯಾಸಕರು. ಉಳ್ಳವರ ಮಕ್ಕಳಿಗೆ ಕಾಲೇಜಿನಾಗ ಪಾಠ ಆಗದಿದ್ರೂ ಮನೆಯಾಗ ಓದಿದ ಅಪ್ಪ, ಕಾಕಾ ಇರ್ತಾರ, ಟ್ಯೂಷನ್ ಇರ್ತದ. ನಮ್ಮ ಮಕ್ಕಳಿಗೆ ಕ್ಲಾಸ್‌ರೂಮೇ ಗತಿ.

ಸಂಶೋಧನೆ ನಮಗ ಬ್ಯಾಡ ಅಂತಲ್ಲ. ಬಾಬಾಸಾಹೇಬರು ಕೊಲಂಬಿಯಾ, ಲಂಡನ್ ಎರಡೂ ಕಡೆ ಡಾಕ್ಟರೇಟ್ ಪಡೆದವರು. ಅಂಥವರು 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ, ದುಡಿಯೋ ಹುಡುಗರೂ ಓದಲಿ ಅಂತ ಬೆಳಗಿನ ಹೊತ್ತು ಪಾಠ ಇಟ್ಟರು. ಯಾರಿಗೆ ಕಲಿಸ್ತೀವಿ ಅನ್ನೋದು ಅವರಿಗೆ ಮುಖ್ಯವಾಗಿತ್ತು. ನಮ್ಮ ಮಕ್ಕಳೂ ಪಿಎಚ್‌ಡಿ ಮಾಡಬೇಕು. ಅದಕ್ಕೆ ಡಿಗ್ರಿಯ ಬುನಾದಿ ಗಟ್ಟಿ ಇರಬೇಕು.

1917ರ ಕರ್ನಾಟಕ ಕಾಲೇಜಿನಿಂದ 2016ರ ಐಐಟಿವರೆಗೆ ಧಾರವಾಡದಾಗ ಎಲ್ಲಾ ಅದಾವು. ಬೋರ್ಡು ನೋಡಿ ಮರುಳಾಗಬ್ಯಾಡ್ರಿ. ಗೇಟಿನ ಹತ್ರ ನಿಂತು ಎರಡನೇ ವರ್ಷದವರನ್ನ ಕೇಳ್ರಿ. ಮೊದಲ ವರ್ಷಕ್ಕೆ ಪಾಠ ಮಾಡೋರು ಯಾರು? ಒಂದು ಕ್ಲಾಸಿಗೆ ಎಷ್ಟು ಮಂದಿ? ಲ್ಯಾಬಿನಾಗ ಪ್ರಯೋಗ ನೀವು ಮಾಡ್ತೀರೋ, ಬರೀ ನೋಡ್ತೀರೋ? ಫೇಲಾದವರಿಗೆ ಮತ್ತೆ ಪಾಠ ಐತೋ? ಸರ್‌ಗೆ ನಿಮ್ಮ ಹೆಸರು ಗೊತ್ತೋ?

ಇನ್ನೊಂದು ಮಾತು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೀತಿವೆ. 2023ರ ಕೊನೆಗೆ ಅವರು ಬೀದಿಗಿಳಿದಾಗ ಪಾಠ ತಪ್ಪಿದ್ದು ಯಾರ ಮಕ್ಕಳಿಗೆ? ಕಲಿಸೋರಿಗೇ ನಾಳೆಯ ನಂಬಿಕೆ ಇಲ್ಲದಿದ್ರೆ ಕಲಿಕೆ ಹೆಂಗ ನಿಲ್ತದ? ಕಾಯಂ ನೇಮಕಾತಿ ನಮ್ಮ ಚಳವಳಿಯ ಬೇಡಿಕೆಯೂ ಆಗಬೇಕು.

ಸೋಮವಾರ ಆ ಅಕ್ಕ, ಮಗಳ ಜೊತೆ ನಾನೂ ಕಾಲೇಜುಗಳನ್ನ ನೋಡಲಿಕ್ಕೆ ಹೊಂಟೀನಿ. ನಿಮ್ಮ ಓಣಿಯಾಗೂ ಇಂಥ ಮನೆ ಇರ್ತಾವ. ಫೋನಿನಾಗ ಸಲಹೆ ಕೊಟ್ಟು ಬಿಡಬ್ಯಾಡ್ರಿ, ಜೊತೆಗೆ ಹೋಗ್ರಿ.

ಜೈಭೀಮ್.