ಅಣೆಕಟ್ಟು ಕಂಪನಿಯದು, ಅಪಾಯ ಊರಿನದು

ಕುಡಿಯುವ ನೀರಿನ ಖಾಸಗಿ ಅಣೆಕಟ್ಟು ಹಳತಾಗಿ ಶಿಥಿಲವಾದರೆ ಹೊಣೆ ಯಾರದು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರ್ಮೆಲ್ ನದಿ ದಂಡೆಯ ಜನರು ಈ ಪ್ರಶ್ನೆಗೆ ಉತ್ತರ ಸಿಗಲು ಎರಡು ದಶಕಗಳಷ್ಟು ಕಾಯಬೇಕಾಯಿತು. ಸಂತ ಜುನಿಪೆರೊ ಸೆರ್ರಾ ಅವರ ಸಮಾಧಿಯಿರುವ ಕಾರ್ಮೆಲ್ ಮಿಷನ್ ಈ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರದಲ್ಲೇ ಇದೆ.

ಮಾಂಟೆರೆ ಭಾಗದ ಊರುಗಳಿಗೆ ನೀರು ಕೊಡಲು 1921ರಲ್ಲಿ ಇಲ್ಲಿ 106 ಅಡಿ ಎತ್ತರದ ಸ್ಯಾನ್ ಕ್ಲೆಮೆಂಟೆ ಅಣೆಕಟ್ಟು ಕಟ್ಟಲಾಯಿತು. ಮುಂದೆ ಅದು ಕ್ಯಾಲಿಫೋರ್ನಿಯಾ ಅಮೆರಿಕನ್ ವಾಟರ್ ಎಂಬ ಖಾಸಗಿ ಕಂಪನಿಯ ಒಡೆತನಕ್ಕೆ ಬಂತು. ಮಳೆಗಾಲದಲ್ಲಿ ಗುಡ್ಡಗಳಿಂದ ಕೊಚ್ಚಿ ಬಂದ ಮಣ್ಣು ತುಂಬುತ್ತಾ ಹೋಗಿ, ಜಲಾಶಯದ ಶೇಕಡಾ 90ಕ್ಕೂ ಹೆಚ್ಚು ಭಾಗ ಹೂಳಾಯಿತು. ನೀರಿನ ಪ್ರಯೋಜನ ಹೋಯಿತು, ಅಪಾಯ ಮಾತ್ರ ಉಳಿಯಿತು.

ದೊಡ್ಡ ಭೂಕಂಪವನ್ನಾಗಲಿ ಮಹಾಪೂರವನ್ನಾಗಲಿ ಈ ಕಟ್ಟೆ ತಾಳಲಾರದೆಂದು ರಾಜ್ಯದ ಅಣೆಕಟ್ಟು ಸುರಕ್ಷತಾ ವಿಭಾಗ 1990ರ ದಶಕದ ಆರಂಭದಲ್ಲೇ ಎಚ್ಚರಿಸಿತ್ತು. ಕೆಳಗಿನ ಕಣಿವೆಯಲ್ಲಿ ಸುಮಾರು 1,500 ಮನೆ, ಕಟ್ಟಡಗಳಿದ್ದವು. ಆದರೂ ಕಟ್ಟೆ ತೆಗೆಯುವ ಕಾಮಗಾರಿ ಆರಂಭವಾದದ್ದು 2013ರಲ್ಲಿ!

ವಿಳಂಬಕ್ಕೆ ಕಾರಣವಿತ್ತು. ಕಾಂಕ್ರೀಟ್ ಆಧಾರ ಕೊಟ್ಟು ಕಟ್ಟೆಯನ್ನು ಬಲಪಡಿಸುವ ಯೋಚನೆ ಮೊದಲಿತ್ತು. ಅದರ ಖರ್ಚು ಕಡಿಮೆ. ಆದರೆ ಹೂಳು ಅಲ್ಲೇ ಉಳಿಯುತ್ತಿತ್ತು, ಮೊಟ್ಟೆಯಿಡಲು ನದಿಯ ಮೇಲ್ಭಾಗಕ್ಕೆ ಹೋಗುವ ಸ್ಟೀಲ್‌ಹೆಡ್ ಮೀನುಗಳ ದಾರಿಗೆ ಕಟ್ಟೆ ಅಡ್ಡವಾಗಿಯೇ ಇರುತ್ತಿತ್ತು. ಪೂರ್ತಿ ತೆಗೆಯುವುದು ದುಬಾರಿ. ಕೊನೆಗೆ ಸುಮಾರು 8.4 ಕೋಟಿ ಡಾಲರ್ ವೆಚ್ಚದಲ್ಲಿ ತೆಗೆಯಲು ನಿರ್ಧಾರವಾಯಿತು. ಅದರಲ್ಲಿ ಸುಮಾರು 4.9 ಕೋಟಿ ಡಾಲರ್ ಕಂಪನಿಯ ಗ್ರಾಹಕರ ನೀರಿನ ಬಿಲ್ಲಿನಿಂದಲೇ ವಸೂಲಾಗುವಂಥದ್ದು. ಉಳಿದುದರಲ್ಲಿ ಬಹುಪಾಲು ಸಾರ್ವಜನಿಕ ಹಣ.

ಹೂಳನ್ನು ಲಾರಿಗಳಲ್ಲಿ ಸಾಗಿಸಲಿಲ್ಲ. ಸುಮಾರು ಅರ್ಧ ಮೈಲಿನಷ್ಟು ನದಿಯನ್ನೇ ಪಕ್ಕದ ಹಳ್ಳಕ್ಕೆ ತಿರುಗಿಸಿ, ಬಿಟ್ಟುಹೋದ ಪಾತ್ರದಲ್ಲಿ ಹೂಳನ್ನು ಭದ್ರವಾಗಿ ಉಳಿಸಲಾಯಿತು. 2015ರಲ್ಲಿ ಅಣೆಕಟ್ಟು ಇಲ್ಲವಾಯಿತು.

ಖಾಸಗಿ ಒಡೆತನವೇ ತಪ್ಪೆಂದು ನಾವು ಹೇಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋದ ನಮ್ಮ ತುಂಗಭದ್ರಾ ಅಣೆಕಟ್ಟು ಸಾರ್ವಜನಿಕರದ್ದೇ. ಭಾರತದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯೂ ತನ್ನ ವ್ಯಾಪ್ತಿಗೆ ಬರುವ ಅಣೆಕಟ್ಟುಗಳ ಮಾಲೀಕರು ಸರಕಾರವಾಗಲಿ ಕಂಪನಿಯಾಗಲಿ, ನಿರ್ವಹಣೆಯ ಹೊಣೆಯನ್ನು ಅವರ ಮೇಲೆಯೇ ಹೊರಿಸಿದೆ. ಆದರೆ ಎಚ್ಚರಿಕೆ ಕೊಟ್ಟ ಮಾತ್ರಕ್ಕೆ ದುರಸ್ತಿಯಾಗುವುದಿಲ್ಲ. ಕಟ್ಟುವಾಗಲೇ ಮುಂದಿನ ದುರಸ್ತಿಗೆ ಹಣ ತೆಗೆದಿಡದಿದ್ದರೆ, ಕೊನೆಗೆ ಬಿಲ್ಲು ಬರುವುದು ನಮ್ಮ ಮನೆಗೇ ಎಂಬುದು ಕಾರ್ಮೆಲ್ ಕಲಿಸಿದ ಪಾಠ.

ನಮ್ಮ ಊರಿಗೆ ನೀರು ಕೊಡುವ ಅಣೆಕಟ್ಟಿನ ತಪಾಸಣೆ ಕೊನೆಯದಾಗಿ ಯಾವಾಗ ನಡೆಯಿತು? ರಾತ್ರಿ ಅಪಾಯವಾದರೆ ಕೆಳಗಿನವರಿಗೆ ತಿಳಿಸುವವರು ಯಾರು? ಗ್ರಾಮಸಭೆಯಲ್ಲಿ, ವಾರ್ಡು ಸಭೆಯಲ್ಲಿ ಇಷ್ಟನ್ನಾದರೂ ಕೇಳೋಣ. ಕಟ್ಟೆ ಬಿರಿದ ಮೇಲೆ ಕೇಳಿ ಫಲವಿಲ್ಲ.